‘ಟಿಕ್ ಟಿಕ್’ ಸದ್ದು ಬದಲಾದರೆ ಎಚ್ಚರ: ಸೆಕ್ಟರ್ ಫೈವ್‌ನ ಇ-ಸೈಕಲ್ ಸವಾರರಿಗೆ ಫ್ರೀಹಬ್ ಪಾಠ

ಕೋಲ್ಕತ್ತಾ: ಮಳೆಗಾಲ ಬಂತೆಂದರೆ ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲಿ ನೀರು ನಿಲ್ಲುವುದು ಹೊಸ ಸುದ್ದಿಯಲ್ಲ. ಕಾಲೇಜ್ ಮೋರ್, ವೆಬೆಲ್ ಮೋರ್ ಸುತ್ತಮುತ್ತ ಪ್ಯಾಂಟು ಮಡಚಿಕೊಂಡು ಕಚೇರಿ ಸೇರುವವರನ್ನು ಪ್ರತಿ ವರ್ಷ ಕಾಣಬಹುದು. ಇಂಥ ರಸ್ತೆಗೆ ದಪ್ಪ ಟೈರಿನ ಮೌಂಟೇನ್ ಬೈಕ್ ಅನುಕೂಲ. ಅದಕ್ಕೆ ಮೋಟಾರು ಸೇರಿದರೆ ಬೆವರೂ ಇಲ್ಲ, ಪೆಟ್ರೋಲ್ ಖರ್ಚೂ ಇಲ್ಲ. ಆದರೆ ಸವಾರರು ಬ್ಯಾಟರಿಯ ಬಗ್ಗೆ ವಹಿಸುವಷ್ಟು ಕಾಳಜಿಯನ್ನು ಹಿಂದಿನ ಚಕ್ರದ ಒಂದು ಪುಟ್ಟ ಭಾಗದ ಬಗ್ಗೆ ವಹಿಸುವುದಿಲ್ಲ. ಅದೇ ಫ್ರೀಹಬ್. ಅದು ಕೈಕೊಟ್ಟರೆ ಬ್ಯಾಟರಿ ತುಂಬಿದ್ದರೂ ಸೈಕಲ್ ನಿಂತಲ್ಲೇ ನಿಲ್ಲಬಹುದು. ವಾಹನಗಳ ನಡುವೆ ಎದ್ದುನಿಂತು ತುಳಿಯುವಾಗ ಅದು ಜಾರಿದರೆ ಸವಾರ ಹ್ಯಾಂಡಲ್ ಮೇಲೆ ಮುಗ್ಗರಿಸುವುದೂ ಉಂಟು.

1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳನ್ನು ತಂದು ಜೌಗು ನೆಲ ತುಂಬಿಸಿ ಕಟ್ಟಿದ ಉಪನಗರ ಸಾಲ್ಟ್ ಲೇಕ್. ಅದರ ಪೂರ್ವದ ಅಂಚಿನ ಸೆಕ್ಟರ್ ಫೈವ್ ಇಂದು ಮಾಹಿತಿ ತಂತ್ರಜ್ಞಾನ ಕಂಪನಿಗಳ ಕೇರಿ. ಇಲ್ಲಿನ ಪೌರಾಡಳಿತಕ್ಕೆಂದು 2006ರಲ್ಲಿ ನವದಿಗಂತ ಇಂಡಸ್ಟ್ರಿಯಲ್ ಟೌನ್‌ಶಿಪ್ ಅಥಾರಿಟಿ ಬಂತು. ಮೆಟ್ರೊ ರೈಲು 2020ರ ಫೆಬ್ರವರಿಯಲ್ಲಿ ಇಲ್ಲಿಂದ ಸಾಲ್ಟ್ ಲೇಕ್ ಕ್ರೀಡಾಂಗಣದವರೆಗೆ ಆರಂಭವಾಗಿ, 2025ರ ಆಗಸ್ಟ್‌ನಲ್ಲಿ ಹೌರಾ ಮೈದಾನದವರೆಗೆ ಪೂರ್ಣಗೊಂಡಿತು. ನಿಲ್ದಾಣದಿಂದ ಕಚೇರಿಗೆ, ಕಚೇರಿಯಿಂದ ನ್ಯೂ ಟೌನ್‌ನ ಮನೆಗೆ ಇರುವ ಎರಡು ಮೂರು ಕಿಲೋಮೀಟರಿಗೆ ಸೈಕಲ್ ಹೇಳಿಮಾಡಿಸಿದ್ದು. ಸವಾರರು ಒಂದು ವಿಷಯ ನೆನಪಿಡಬೇಕು: ಕೋಲ್ಕತ್ತಾ ಪೊಲೀಸರು 2013ರಲ್ಲಿ ನಗರದ 174 ರಸ್ತೆಗಳಲ್ಲಿ ಸೈಕಲ್ ನಿರ್ಬಂಧಿಸಿ, ಬಳಿಕ ಆ ಸಂಖ್ಯೆಯನ್ನು 62ಕ್ಕೆ ಇಳಿಸಿದ್ದರು. ಸೆಕ್ಟರ್ ಫೈವ್ ಬಿಧಾನನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಗೆ ಬರುತ್ತದೆ. ಆದ್ದರಿಂದ ಗಡಿ ದಾಟಿ ನಗರದೊಳಗೆ ಹೋಗುವ ಮುನ್ನ ದಾರಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಫ್ರೀಹಬ್ ಎಂದರೇನು?

ಊರಿನ ಬಾಡಿಗೆ ಸೈಕಲ್ ಅಂಗಡಿ ಕಂಡವರಿಗೆ ‘ಫ್ರೀ ವೀಲ್’ ಗೊತ್ತು. ಪೆಡಲ್ ತುಳಿದರೆ ಚಕ್ರ ತಿರುಗಬೇಕು, ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ತನ್ನ ಪಾಡಿಗೆ ಓಡುತ್ತಿರಬೇಕು. ಈ ಒಮ್ಮುಖದ ಕೆಲಸ ಮಾಡುವುದು ಸ್ಪ್ರಿಂಗ್ ಮೇಲೆ ಕುಳಿತ ‘ಪಾಲ್’ ಎಂಬ ಪುಟ್ಟ ಕೊಕ್ಕೆಗಳು. ಅವು ಹಲ್ಲಿನ ಬಳೆಯೊಂದನ್ನು ಕಚ್ಚಿದಾಗ ಬಲ ಚಕ್ರಕ್ಕೆ ಹೋಗುತ್ತದೆ, ಹಲ್ಲಿನ ಮೇಲೆ ಸವರಿಕೊಂಡು ಹೋದಾಗ ‘ಟಿಕ್ ಟಿಕ್’ ಸದ್ದು ಬರುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಟ್ರ್ಯಾಕ್ ಪಂದ್ಯದಲ್ಲಿ ಓಡಿಸುವ ಸೈಕಲ್‌ಗಳಲ್ಲಿ ಈ ವ್ಯವಸ್ಥೆಯೇ ಇಲ್ಲ. ಅಲ್ಲಿ ಚಕ್ರ ತಿರುಗುವವರೆಗೆ ಕಾಲೂ ತಿರುಗಲೇಬೇಕು.

ಹಳೆಯ ಪದ್ಧತಿಯಲ್ಲಿ ಕೊಕ್ಕೆಗಳೂ ಹಲ್ಲುಚಕ್ರಗಳೂ ಒಂದೇ ಗಂಟಾಗಿ ಹಬ್‌ನ ಮರೆಗೆ ತಿರುಚಿ ಕೂರುತ್ತಿದ್ದವು. ಇದೇ ಫ್ರೀ ವೀಲ್. ಜಪಾನಿನ ಶಿಮಾನೊ ಕಂಪನಿ 1978ರಲ್ಲಿ ಕೊಕ್ಕೆಗಳ ಭಾಗವನ್ನು ಹಬ್‌ಗೇ ಸೇರಿಸಿ, ಹಲ್ಲುಚಕ್ರಗಳ ಗೊಂಚಲನ್ನು ಮಾತ್ರ ಪ್ರತ್ಯೇಕವಾಗಿ ಜಾರಿಸಿ ಕೂರಿಸುವ ಫ್ರೀಹಬ್ಬನ್ನು ಮಾರುಕಟ್ಟೆಗೆ ತಂದಿತು. ಆ ಗೊಂಚಲಿಗೆ ಕ್ಯಾಸೆಟ್ ಎಂದು ಹೆಸರು. ಹಲ್ಲು ಸವೆದರೆ ಕ್ಯಾಸೆಟ್ ಮಾತ್ರ, ಕೊಕ್ಕೆ ಸವೆದರೆ ಫ್ರೀಹಬ್ ಮಾತ್ರ ಬದಲಿಸಬಹುದು ಎಂಬುದು ಇದರ ಲಾಭ.

ಮೋಟಾರು ಎಲ್ಲಿದೆ ನೋಡಿ

ರಿಪೇರಿಗೆ ಕೈಹಾಕುವ ಮೊದಲು ಮೋಟಾರು ಎಲ್ಲಿದೆ ಎಂದು ನೋಡಬೇಕು. ಭಾರತದಲ್ಲಿ ಮಾರಾಟವಾಗುವ ಇ-ಸೈಕಲ್‌ಗಳಲ್ಲಿ ಹೆಚ್ಚಿನವಕ್ಕೆ ಮೋಟಾರು ಹಿಂದಿನ ಚಕ್ರದ ಹಬ್‌ನಲ್ಲೇ ಇರುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ತಿರುಚಿ ಕೂರಿಸುವ ಫ್ರೀ ವೀಲ್. ಮೋಟಾರಿನ ಬಲ ನೇರ ಚಕ್ರಕ್ಕೆ ಹೋಗುವುದರಿಂದ ಫ್ರೀ ವೀಲ್ ಮೇಲೆ ಬೀಳುವುದು ಕಾಲಿನ ಬಲ ಮಾತ್ರ.

ದುಬಾರಿ ಎಲೆಕ್ಟ್ರಿಕ್ ಮೌಂಟೇನ್ ಬೈಕ್‌ಗಳಲ್ಲಿ ಮೋಟಾರು ಪೆಡಲ್ ಬಳಿ ಇರುತ್ತದೆ. ಇದನ್ನು ಮಿಡ್ ಡ್ರೈವ್ ಎನ್ನುತ್ತಾರೆ. ಇಲ್ಲಿ ಕಾಲಿನ ಬಲವೂ ಮೋಟಾರಿನ ಬಲವೂ ಒಂದೇ ಚೈನಿನಲ್ಲಿ ಸಾಗಿ ಒಂದೇ ಫ್ರೀಹಬ್ ಮೇಲೆ ಬೀಳುತ್ತವೆ. ಶಿಮಾನೊದ ಇಪಿ8 ಮೋಟಾರಿನ ತಿರುಗುಬಲ 85 ನ್ಯೂಟನ್ ಮೀಟರ್. ಮುಂದೆ 34 ಹಲ್ಲು, ಹಿಂದೆ 51 ಹಲ್ಲಿನ ಗೇರಿನಲ್ಲಿ ಏರು ಹತ್ತುವಾಗ ಫ್ರೀಹಬ್ ತಲುಪುವ ಹೊತ್ತಿಗೆ ಇದು ಒಂದೂವರೆ ಪಟ್ಟಾಗಿ 127 ದಾಟುತ್ತದೆ. 70 ಕಿಲೋ ತೂಕದ ಸವಾರ ಪೆಡಲ್ ಮೇಲೆ ಪೂರ್ತಿ ಭಾರ ಬಿಟ್ಟು ನಿಂತರೆ ಅವರದೇ ಪಾಲು ಸುಮಾರು 175. ಎರಡೂ ಸೇರಿದರೆ 300ರ ಹತ್ತಿರ. ಸಾದಾ ಸೈಕಲ್‌ನ ಕೊಕ್ಕೆಗಳಿಗೆ ಹೋಲಿಸಿದರೆ ಇದು ಒಂದೂ ಮುಕ್ಕಾಲು ಪಟ್ಟು ಹೊರೆ.

ಕಾನೂನಿನ ಲೆಕ್ಕದಲ್ಲಿ ಎರಡೂ ಬಗೆ ಒಂದೇ. ಮೋಟಾರಿನ ಶಕ್ತಿ 250 ವಾಟ್, ವೇಗ ಗಂಟೆಗೆ 25 ಕಿಲೋಮೀಟರಿನ ಮಿತಿಯೊಳಗಿದ್ದರೆ ನೋಂದಣಿ ಬೇಕಿಲ್ಲ. ಹೆಚ್ಚು ವೇಗದ ಆಸೆಗೆ ಮಿತಿ ತೆಗೆಸಿದವರು ಕಾನೂನಿನ ಜತೆಗೆ ಫ್ರೀಹಬ್‌ಗೂ ಅನ್ಯಾಯ ಮಾಡಿದಂತೆ.

ಕಾಯಿಲೆ ಗುರುತಿಸುವುದು

ಹಬ್ ಮೋಟಾರಿನ ಸೈಕಲ್‌ನಲ್ಲಿ ಪೆಡಲ್ ಖಾಲಿ ತಿರುಗುತ್ತಿದ್ದು ಮೋಟಾರು ಎಳೆಯುತ್ತಿದ್ದರೆ ದೋಷ ಫ್ರೀ ವೀಲ್‌ನದು. ಮೆಲ್ಲಗೆ ಮನೆ ಸೇರಬಹುದು. ಪೆಡಲ್ ಸರಿಯಿದ್ದು ಮೋಟಾರು ಬರೇ ಗುಯ್‌ಗುಟ್ಟಿದರೆ ಮೋಟಾರಿನ ಒಳಗಿನ ಗೇರು ಅಥವಾ ಕ್ಲಚ್ಚನ್ನು ಶಂಕಿಸಬೇಕು. ಅದು ಕಂಪನಿಯ ಸರ್ವಿಸ್ ಕೇಂದ್ರದ ಕೆಲಸ. ಮಿಡ್ ಡ್ರೈವ್ ಸೈಕಲ್‌ನಲ್ಲಿ ಚೈನ್ ತುಂಡಾಗದಿದ್ದರೂ, ಕ್ಯಾಸೆಟ್ ತಿರುಗುತ್ತಿದ್ದರೂ ಚಕ್ರ ಕದಲುತ್ತಿಲ್ಲ ಎಂದರೆ ಫ್ರೀಹಬ್ ಹೋಗಿದೆ ಎಂದೇ ಅರ್ಥ. ಆಗ ಮೋಟಾರೂ ಇಲ್ಲ, ಕಾಲೂ ಇಲ್ಲ, ತಳ್ಳಿಕೊಂಡು ಹೋಗುವುದೊಂದೇ ದಾರಿ.

ಅಷ್ಟು ಕೆಡುವ ಮುನ್ನ ಸೂಚನೆಗಳು ಸಿಗುತ್ತವೆ. ಸದ್ದು ಮಂಕಾಗುವುದು ಅಥವಾ ಏರುಪೇರಾಗುವುದು, ಜೋರಾಗಿ ತುಳಿದಾಗ ಒಮ್ಮೆ ‘ಟಕ್’ ಎಂದು ಜಾರಿ ಮತ್ತೆ ಹಿಡಿಯುವುದು, ತುಳಿಯುವುದನ್ನು ನಿಲ್ಲಿಸಿದಾಗ ಮೇಲಿನ ಚೈನ್ ಜೋತುಬೀಳುವುದು, ಕ್ಯಾಸೆಟ್ ಹಿಡಿದು ಅಲುಗಿಸಿದರೆ ಮಿತಿಮೀರಿ ಆಡುವುದು. ಚೈನ್ ಜೋತುಬಿದ್ದರೆ ಒಳಗೆ ಬಿಗಿತವಿದೆ. ಟಕ್ ಎಂದು ಜಾರಿದರೆ ಕೊಕ್ಕೆ ಸರಿಯಾಗಿ ಕಚ್ಚುತ್ತಿಲ್ಲ.

ಸವೆದ ಚೈನ್ ಕೂಡ ಹೀಗೆಯೇ ಜಾರುತ್ತದೆ. ಆದ್ದರಿಂದ ಮೊದಲು ಸ್ಕೇಲಿನಿಂದ ಚೈನ್ ಅಳೆಯಬೇಕು. 12 ಇಂಚು ಇರಬೇಕಾದ ಉದ್ದ ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಾಗಿದ್ದರೆ ಚೈನ್ ಬದಲಿಸಬೇಕು. ಇಷ್ಟು ನೋಡದೆ ಫ್ರೀಹಬ್ ಕೊಂಡರೆ ಹಣ ದಂಡ.

ಬಿಚ್ಚುವುದು, ತೊಳೆಯುವುದು

ಮೊದಲು ಸ್ವಿಚ್ ಆರಿಸಿ ಬ್ಯಾಟರಿ ಹೊರತೆಗೆಯಬೇಕು. ಬೆರಳು ಹಲ್ಲುಚಕ್ರದ ನಡುವೆ ಇರುವಾಗ ಮೋಟಾರು ಚಾಲೂ ಆದರೆ ಗತಿಯೇನು? ಬಳಿಕ ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದು ಚಕ್ರ ಬಿಚ್ಚಬೇಕು. ಚೈನ್ ತುಂಡು ಜೋಡಿಸಿದ ಹಿಡಿಕೆಯಿಂದ ಕ್ಯಾಸೆಟ್ ತಿರುಗದಂತೆ ಹಿಡಿದು, ಲಾಕ್‌ರಿಂಗ್ ಟೂಲ್ ಹಾಕಿ ಎಡಕ್ಕೆ ತಿರುಗಿಸಿದರೆ ಕ್ಯಾಸೆಟ್ ಕಳಚುತ್ತದೆ.

ಮುಂದಿನ ಹೆಜ್ಜೆ ಹಬ್‌ನ ಮೇಲೆ ಅವಲಂಬಿತ. ಕೆಲವು ಹಬ್‌ಗಳಲ್ಲಿ ತುದಿಯ ಮುಚ್ಚಳ ಎಳೆದರೆ ಫ್ರೀಹಬ್ ಕೈಗೆ ಬರುತ್ತದೆ. ಆಗ ಕೊಕ್ಕೆ, ಸ್ಪ್ರಿಂಗ್ ಚಿಮ್ಮಿ ಹೋಗದಂತೆ ಸುತ್ತ ಬಟ್ಟೆ ಹಿಡಿಯಬೇಕು. ಯಾವುದು ಎಲ್ಲಿತ್ತೆಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಜೋಡಿಸುವಾಗ ಪರದಾಟವಿಲ್ಲ. ಗೋಲಿ ಬೇರಿಂಗ್ ಇರುವ ಶಿಮಾನೊ ಹಬ್‌ಗಳಲ್ಲಿ ಆಕ್ಸಲ್ ತೆಗೆದು ಒಳಗಿನ ಟೊಳ್ಳು ಬೋಲ್ಟನ್ನು ಬಿಚ್ಚಬೇಕು. ಅನೇಕ ಮಾದರಿಗಳಿಗೆ 10 ಮಿಲಿಮೀಟರಿನ ಅಲೆನ್ ಕೀ ಸಾಕು. ಇವುಗಳಲ್ಲಿ ಫ್ರೀಹಬ್‌ನ ಒಳಭಾಗ ಬಿಚ್ಚುವುದಕ್ಕಿಂತ ಇಡೀ ಫ್ರೀಹಬ್ ಬದಲಿಸುವುದೇ ವಾಡಿಕೆ.

ಕೊಕ್ಕೆ, ಹಲ್ಲಿನ ಬಳೆಗಳನ್ನು ಸೀಮೆಎಣ್ಣೆ ಅಥವಾ ಡೀಗ್ರೀಸರ್‌ನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಆ ಎಣ್ಣೆ ಬೇರಿಂಗಿಗೆ ಇಳಿಯಬಾರದು. ಕೊಕ್ಕೆಯ ತುದಿ ದುಂಡಾಗಿದ್ದರೆ, ಬಳೆಯ ಹಲ್ಲು ಮುಕ್ಕಾಗಿದ್ದರೆ ಮತ್ತೆ ಹಾಕಬಾರದು.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು ಇನ್ನು ಮುಂದಿನದು. ಎಲ್ಲಕ್ಕೂ ಕೈತುಂಬ ಗ್ರೀಸ್ ಮೆತ್ತುವ ಅಭ್ಯಾಸ ಬೇರಿಂಗಿಗೆ ಸರಿ, ಕೊಕ್ಕೆಗೆ ಸಲ್ಲ. ದಪ್ಪ ಗ್ರೀಸಿನಲ್ಲಿ ಕೊಕ್ಕೆ ಸೋಮಾರಿಯಾಗುತ್ತದೆ. ಸ್ಪ್ರಿಂಗ್ ಅದನ್ನು ಎಬ್ಬಿಸುವಷ್ಟರಲ್ಲಿ ಮೋಟಾರಿನ ಬಲ ಬಂದುಬಿಟ್ಟಿರುತ್ತದೆ. ಆಗ ಕೊಕ್ಕೆ ಪೂರ್ತಿ ಕೂರದೆ ಹಲ್ಲಿನ ಅಂಚನ್ನಷ್ಟೇ ಹಿಡಿದು ಜಾರುತ್ತದೆ. ಫ್ರೀಹಬ್‌ಗೆಂದೇ ಸಿಗುವ ತೆಳು ಗ್ರೀಸನ್ನು ತೆಳ್ಳಗೆ ಸವರಿದರೆ ಸಾಕು.

ತಿರುಚುವ ಫ್ರೀ ವೀಲ್ ಬಿಚ್ಚಲು ತೋಳ್ಬಲ ಬೇಕು. ತುಳಿದಷ್ಟೂ ಅದು ಬಿಗಿಯುತ್ತಲೇ ಹೋಗಿರುತ್ತದೆ. ಅದರ ಟೂಲನ್ನು ವೈಸ್‌ಗೆ ಕಚ್ಚಿಸಿ ಚಕ್ರವನ್ನೇ ಸ್ಟೀರಿಂಗಿನಂತೆ ಎಡಕ್ಕೆ ತಿರುಗಿಸುವುದು ಸುಲಭದ ಉಪಾಯ. ಹಬ್ ಮೋಟಾರಿನ ಆಕ್ಸಲ್ ದಪ್ಪವಿರುವುದರಿಂದ ಟೂಲಿನ ರಂಧ್ರ ಅದಕ್ಕೆ ಹೊಂದುವಂತಿರಬೇಕು. ಮೋಟಾರಿನ ವೈರು ಜಜ್ಜದಂತೆ, ಆಕ್ಸಲ್ ವಾಷರುಗಳು ಮೊದಲಿದ್ದ ಕ್ರಮದಲ್ಲೇ ಕೂರುವಂತೆ ನೋಡಿಕೊಳ್ಳಬೇಕು.

ಹೊಸದನ್ನು ಕೊಳ್ಳುವಾಗ

ಫ್ರೀಹಬ್‌ಗೆ ಎರಡು ನೆಂಟಸ್ತಿಕೆ. ಹೊರಮೈ ಕ್ಯಾಸೆಟ್‌ಗೆ ಹೊಂದಬೇಕು, ಒಳಮೈ ಹಬ್‌ಗೆ ಹೊಂದಬೇಕು. ಒಂದು ಹೊಂದಿ ಇನ್ನೊಂದು ಹೊಂದದಿದ್ದರೆ ಸಂಬಂಧ ಕೂಡಿಬರುವುದಿಲ್ಲ. ಕ್ಯಾಸೆಟ್‌ನ ಅತಿ ಚಿಕ್ಕ ಚಕ್ರಕ್ಕೆ 11 ಹಲ್ಲಿದ್ದರೆ ಸಾಮಾನ್ಯವಾಗಿ ಅದು ಶಿಮಾನೊ ಎಚ್‌ಜಿ ಮಾದರಿ. 10 ಹಲ್ಲಿದ್ದರೆ ಶಿಮಾನೊ 2018ರಲ್ಲಿ ತಂದ ಮೈಕ್ರೊ ಸ್ಪ್ಲೈನ್ ಅಥವಾ ಸ್ರಾಮ್ ಕಂಪನಿಯ ಎಕ್ಸ್‌ಡಿ ಇರಬಹುದು. ಒಳಮೈಗೆ ಹಬ್‌ನ ಮೇಲೆ ಕೆತ್ತಿದ ಹೆಸರು, ಮಾದರಿ ಸಂಖ್ಯೆಯೇ ಆಧಾರ. ಬೆಂಟಿಂಕ್ ಸ್ಟ್ರೀಟ್‌ನ ಸೈಕಲ್ ಅಂಗಡಿ ಸಾಲಿಗೆ ಹೋಗುವವರು ಹಳೆಯ ಭಾಗವನ್ನೇ ಒಯ್ಯುವುದು ಜಾಣತನ. ಅಂತರ್ಜಾಲದಲ್ಲಿ ತರಿಸುವವರು ಈ ಎರಡನ್ನೂ ತಾಳೆ ನೋಡದೆ ಹಣ ಕಟ್ಟಬಾರದು.

ಮಿಡ್ ಡ್ರೈವ್‌ಗೆ ತೂಕ ಹೆಚ್ಚಾದರೂ ಉಕ್ಕಿನ ಫ್ರೀಹಬ್ ಮೇಲು. ಅಲ್ಯುಮಿನಿಯಂ ಮೈಯಲ್ಲಿ ಕ್ಯಾಸೆಟ್‌ನ ಉಕ್ಕಿನ ಚಕ್ರಗಳು ಗೀರು ಕೊರೆದು ಸಿಕ್ಕಿಕೊಳ್ಳುತ್ತವೆ. ಸ್ವಿಟ್ಜರ್ಲೆಂಡಿನ ಡಿಟಿ ಸ್ವಿಸ್ ಕಂಪನಿ ಇ-ಬೈಕ್‌ಗೆಂದೇ ‘ಹೈಬ್ರಿಡ್’ ಹೆಸರಿನ ಗಟ್ಟಿ ಹಬ್‌ಗಳನ್ನು ಮಾಡುತ್ತದೆ.

ಜೋಡಿಸುವಾಗ ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಚಕ್ರ ಕೂರಿಸಿದ ಮೇಲೆ ಬ್ರೇಕ್ ಹಿಡಿದು ಪೆಡಲನ್ನು ಕೈಯಿಂದ ಒತ್ತಿ, ಸ್ವಲ್ಪ ಸ್ವಲ್ಪ ತಿರುಗಿಸಿ ಹಲವು ಕಡೆ ಪರೀಕ್ಷಿಸಬೇಕು. ಎಲ್ಲ ಕಡೆಯೂ ಗಟ್ಟಿಯಾಗಿ ಹಿಡಿದರೆ ಮೋಟಾರಿಲ್ಲದೆ ಓಣಿಯಲ್ಲಿ ಕುಳಿತೇ ಒಂದು ಸುತ್ತು, ಬಳಿಕ ಕಡಿಮೆ ಸಹಾಯದಲ್ಲಿ ಇನ್ನೊಂದು ಸುತ್ತು. ಅಷ್ಟಾದ ಮೇಲಷ್ಟೇ ಮುಖ್ಯರಸ್ತೆ.

ನೀರೇ ಮೊದಲ ಶತ್ರು

ಫ್ರೀಹಬ್ ಹಾಳಾಗಲು ನೀರಿಗಿಂತ ದೊಡ್ಡ ಕಾರಣವಿಲ್ಲ. ಆಕ್ಸಲ್ ಮುಳುಗುವಷ್ಟು ನೀರಿನಲ್ಲಿ ಸಾಗಿದರೆ ಸೀಲ್ ದಾಟಿ ನೀರೂ ಮಣ್ಣೂ ಒಳಸೇರುತ್ತವೆ. ಗ್ರೀಸ್ ಮಜ್ಜಿಗೆಯಂತಾಗಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಅಂಥ ಸವಾರಿಯ ಬಳಿಕ ಒಂದೆರಡು ದಿನದಲ್ಲೇ ಬಿಚ್ಚಿ ಒಣಗಿಸಿದರೆ ಫ್ರೀಹಬ್ ಉಳಿಯುತ್ತದೆ.

ಸೈಕಲ್‌ಗಿಂತ ಜೀವ ದೊಡ್ಡದು ಎಂಬುದನ್ನೂ ಮರೆಯಬಾರದು. 2025ರ ಸೆಪ್ಟೆಂಬರ್ 23ರಂದು ಕೋಲ್ಕತ್ತಾದಲ್ಲಿ ಒಂದೇ ದಿನದೊಳಗೆ 250 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದಾಗ ನಿಂತ ನೀರಿನಲ್ಲಿ ವಿದ್ಯುತ್ ಹರಿದು ಹಲವರು ಪ್ರಾಣ ಕಳೆದುಕೊಂಡರು. ತಳ ಕಾಣದ ನೀರಿದ್ದರೆ ಸೈಕಲ್ ನಿಲ್ಲಿಸಿ ಮೆಟ್ರೊ ಹಿಡಿಯುವುದೇ ವಿವೇಕ.

ಸಂಘಗಳು ಮಾಡಬಹುದಾದ ಕೆಲಸ

ಬಂಗಾಳಕ್ಕೂ ಸೈಕಲ್‌ಗೂ ಹಳೆಯ ನಂಟು. ಆಸನ್ಸೋಲ್‌ನ ಸೆನ್-ರ‍್ಯಾಲೆ ಕಾರ್ಖಾನೆಯ ಸೈಕಲ್ಲು ಹಿರಿಯರಿಗೆ ನೆನಪಿರಬಹುದು. ಆ ಕಾರ್ಖಾನೆ ಈಗಿಲ್ಲ. ಆದರೆ 2015ರಲ್ಲಿ ಆರಂಭವಾದ ಸಬೂಜ್ ಸಾಥಿ ಯೋಜನೆಯಿಂದ ರಾಜ್ಯದ ಶಾಲಾ ಮಕ್ಕಳಿಗೆ ಸೈಕಲ್ ಸಿಗುತ್ತಿದೆ. ಬಡಾವಣೆಯ ಮೂಲೆಗಳಲ್ಲಿ ಪಂಕ್ಚರ್ ಹಾಕುವ ಮೇಸ್ತ್ರಿಗಳಿಗೆ ಕೈಚಳಕದ ಕೊರತೆಯಿಲ್ಲ. ಫ್ರೀಹಬ್‌ನ ಟೂಲುಗಳು ಮಾತ್ರ ಎಲ್ಲರ ಬಳಿ ಇರುವುದಿಲ್ಲ.

ಇವನ್ನು ಒಬ್ಬೊಬ್ಬರೂ ಕೊಳ್ಳಬೇಕಾಗಿಲ್ಲ. ಚೈನ್ ಹಿಡಿಕೆ, ಲಾಕ್‌ರಿಂಗ್ ಟೂಲ್, ಫ್ರೀ ವೀಲ್ ಟೂಲ್, 10 ಮಿಲಿಮೀಟರಿನ ಅಲೆನ್ ಕೀ, ಬಿಗಿತ ಅಳೆಯುವ ಟಾರ್ಕ್ ರೆಂಚ್, ಒಂದು ಡಬ್ಬಿ ತೆಳು ಗ್ರೀಸ್. ಇಷ್ಟನ್ನು ಸಂಘದ ಗ್ರಂಥಾಲಯದ ಕಪಾಟಿನಲ್ಲಿಟ್ಟು ಪುಸ್ತಕದಂತೆಯೇ ಸಹಿ ಹಾಕಿಸಿ ಕೊಡಬಹುದು. ಸದಸ್ಯರಲ್ಲಿ ಎಂಜಿನಿಯರುಗಳಿಗೆ ಬರವಿಲ್ಲ. ಒಂದು ಭಾನುವಾರ ಬಡಾವಣೆಯ ಮೇಸ್ತ್ರಿಯನ್ನೂ ಕರೆದು ಕೂತರೆ ಕಲಿಯುವುದು ಎರಡೂ ಕಡೆಗೆ ಇದೆ. ಊಟ, ಸಾಮಾನು ತಲುಪಿಸಲು ಇ-ಸೈಕಲ್ ತುಳಿಯುವ ಹುಡುಗರಿಗೂ ಈ ಬಾಗಿಲು ತೆರೆದಿಟ್ಟರೆ ಇನ್ನೂ ಒಳಿತು. ಅವರ ಸೈಕಲ್ ನಿಂತ ದಿನ ಸಂಪಾದನೆಯೂ ನಿಲ್ಲುತ್ತದೆ.

ದಿನ ಗೊತ್ತುಮಾಡಲು ಪಂಚಾಂಗವೇ ಸಹಾಯಕ್ಕಿದೆ. ಬಂಗಾಳದ ಕಾರ್ಖಾನೆ, ಗ್ಯಾರೇಜುಗಳು ಸಾಮಾನ್ಯವಾಗಿ ಸೆಪ್ಟೆಂಬರ್ 17ರಂದು ವಿಶ್ವಕರ್ಮ ಪೂಜೆ ಮಾಡುತ್ತವೆ. ಅದಾಗಿ ಕೆಲವೇ ವಾರಕ್ಕೆ ನಮ್ಮ ಆಯುಧ ಪೂಜೆ. ಮಳೆ ಹಿಂದೆ ಸರಿಯುವ ಕಾಲವೂ ಅದೇ. ಜೂನ್‌ನಲ್ಲಿ ಮಳೆಗೆ ಮುನ್ನ ಒಮ್ಮೆ, ಆಯುಧ ಪೂಜೆಯ ಹೊತ್ತಿಗೆ ಇನ್ನೊಮ್ಮೆ ಫ್ರೀಹಬ್ ಬಿಚ್ಚಿ ನೋಡುವ ಪದ್ಧತಿ ಇಟ್ಟುಕೊಂಡರೆ ವರ್ಷ ನಿಶ್ಚಿಂತೆ. ಪೂಜೆಯ ದಿನ ಪೈಪಿನ ನೀರನ್ನು ರಭಸದಿಂದ ಹಬ್‌ಗೆ ಬಿಡದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಅರಿಶಿನ ಕುಂಕುಮ ಇಡಲಿ.