ಆಟದ ಕಡಿವಾಣ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು ಇಂದು ಒಂದೇ ಜಿಲ್ಲೆಯ ನೆರೆಹೊರೆಯ ಪಟ್ಟಣಗಳು. ಹದಿನೇಳನೆಯ ಶತಮಾನದಲ್ಲಿ ಈ ಸೀಮೆಯ ಸ್ಥಿತಿ ಬೇರೆಯಾಗಿತ್ತು. ಪಾಳೆಯಗಾರರ ಕೋಟೆಗಳಿಂದ ತುಂಬಿದ್ದ ಈ ನೆಲ, ದಕ್ಷಿಣದ ಮೈಸೂರು ಮತ್ತು ವಾಯವ್ಯದ ಇಕ್ಕೇರಿ ಎಂಬ ಎರಡು ಬಲಗಳ ನಡುವೆ ಚದುರಂಗದ ಹಾಸಿನಂತೆ ಹರಡಿಕೊಂಡಿತ್ತು. ಐಗೂರಿನ ನಾಯಕರಿಗೆ ಸೇರಿದ್ದ ಅರಕಲಗೂಡನ್ನು 1647ರಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಗೆದ್ದುಕೊಂಡರು. ಆದರೆ ಆ ಗೆಲುವು ನಿಲ್ಲಲಿಲ್ಲ. ಇಕ್ಕೇರಿಯ ಶಿವಪ್ಪನಾಯಕನು ಊರನ್ನು ವಶಪಡಿಸಿಕೊಂಡನು. 1694ರಲ್ಲಿ ಚಿಕ್ಕದೇವರಾಜ ಒಡೆಯರು ಮತ್ತೆ ಮುತ್ತಿಗೆ ಹಾಕಿ ಹಿಡಿದ ಮೇಲೆಯೇ ಅದು ಮೈಸೂರಿನಲ್ಲಿ ಸ್ಥಿರವಾಗಿ ಸೇರಿತು. ಮೊದಲ ಗೆಲುವಿಗೂ ಅದು ನೆಲೆಗೊಳ್ಳುವುದಕ್ಕೂ ನಡುವೆ 47 ವರ್ಷಗಳು ಉರುಳಿದ್ದವು. ಹಿಡಿಯುವುದು ಒಂದು ವಿದ್ಯೆ, ಹಿಡಿದದ್ದನ್ನು ಉಳಿಸಿಕೊಳ್ಳುವುದು ಇನ್ನೊಂದು ವಿದ್ಯೆ. ರಕ್ತಪಾತವಿಲ್ಲದೆ ಈ ಎರಡು ವಿದ್ಯೆಗಳನ್ನೂ ಕಲಿಸುವ ಕ್ರೀಡೆಯೇ ಚದುರಂಗ.

ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿಂದ ಹೆಸರು ಪಡೆದ ಈ ಆಟ ಭಾರತದಲ್ಲಿ ಹುಟ್ಟಿ, ಪರ್ಷಿಯ ಮತ್ತು ಅರಬರ ನಾಡುಗಳನ್ನು ಹಾದು ಯೂರೋಪನ್ನು ಸೇರಿತು. ಕನ್ನಡ ನಾಡಿನಲ್ಲಿಯೂ ಇದಕ್ಕೆ ರಾಜಾಶ್ರಯವಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಸಮಸ್ಯೆಗಳನ್ನೂ, ಕುದುರೆಯು 64 ಮನೆಗಳನ್ನು ಒಂದೊಂದೇ ಬಾರಿ ಮುಟ್ಟಿ ಸುತ್ತುವ ಬಂಧಗಳನ್ನೂ ರಚಿಸಿದರು. ನಮ್ಮ ಹಳೆಯ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದಕ್ಕೆ ಹೋಗುತ್ತಿತ್ತು. ಆದುದರಿಂದ ಎರಡು ಸೇನೆಗಳು ಎದುರಾಗಲು ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಇಂದಿನ ಅಂತರರಾಷ್ಟ್ರೀಯ ನಿಯಮಗಳಲ್ಲಿ ಆಟದ ವೇಗ ಹೆಚ್ಚಿದೆ. ಈ ನಿಯಮಗಳ ಆಟದಲ್ಲಿ ವಿಶ್ವನಾಥನ್ ಆನಂದ್ ಐದು ಬಾರಿ ವಿಶ್ವವಿಜೇತರಾದರು. ಮೈಸೂರಿನ ತೇಜಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. 2024ರಲ್ಲಿ ಗುಕೇಶ್ ಹದಿನೆಂಟನೆಯ ವಯಸ್ಸಿನಲ್ಲಿ ವಿಶ್ವಪಟ್ಟವನ್ನು ಗೆದ್ದರು.

ಚದುರಂಗದ ಆಟವನ್ನು ಆರಂಭ, ಮಧ್ಯ, ಅಂತ್ಯ ಎಂದು ಮೂರು ಘಟ್ಟಗಳಾಗಿ ವಿಂಗಡಿಸುವುದು ವಾಡಿಕೆ. ಆರಂಭದಲ್ಲಿ ಸೇನೆ ಪಾಳೆಯದಿಂದ ಹೊರಬರುತ್ತದೆ. ಅಂತ್ಯದಲ್ಲಿ ಕೆಲವೇ ಕಾಯಿಗಳು ಉಳಿದು ಲೆಕ್ಕಾಚಾರ ಖಚಿತವಾಗುತ್ತದೆ. ಇವೆರಡರ ನಡುವಿನ ಮಧ್ಯಘಟ್ಟವೇ ನಿಜವಾದ ರಣರಂಗ. ಅಲ್ಲಿ ಬಾಯಿಪಾಠದ ನಡೆಗಳು ಮುಗಿದಿರುತ್ತವೆ. ಆಟಗಾರನು ಸ್ವಂತ ಬುದ್ಧಿಯನ್ನೇ ನಂಬಬೇಕಾಗುತ್ತದೆ. ಈ ಘಟ್ಟದಲ್ಲಿ ಒಬ್ಬ ಆಟಗಾರ ಬೆದರಿಕೆ ಒಡ್ಡುತ್ತಾನೆ, ಇನ್ನೊಬ್ಬ ಅದಕ್ಕೆ ಉತ್ತರ ಹುಡುಕುತ್ತಾನೆ. ಉತ್ತರ ಮುಗಿಯುವಷ್ಟರಲ್ಲಿ ಮೊದಲನೆಯವನು ಮತ್ತೊಂದು ಪ್ರಶ್ನೆ ಹಾಕಿರುತ್ತಾನೆ. ಹೀಗೆ ಪ್ರಶ್ನೆ ಕೇಳುವ ಅಧಿಕಾರ ಯಾರ ಕೈಯಲ್ಲಿರುತ್ತದೆಯೋ ಅವನಿಗೆ ಉಪಕ್ರಮವಿದೆ ಎಂದು ಹೇಳಲಾಗುತ್ತದೆ. ಅದು ಆಟವೆಂಬ ಕುದುರೆಯ ಕಡಿವಾಣವಿದ್ದಂತೆ.

ಉಪಕ್ರಮವೂ ಕಾಯಿಗಳ ಲಾಭವೂ ಒಂದೇ ಅಲ್ಲ. ಎದುರಾಳಿಯ ಒಂದು ಕಾಲಾಳನ್ನು ಹೊಡೆದರೆ ಆ ಲಾಭವನ್ನು ಎಣಿಸಿ ತೋರಿಸಬಹುದು; ಅದು ಸುಲಭವಾಗಿ ಕರಗುವುದಿಲ್ಲ. ಉಪಕ್ರಮವು ಕಾಲಕ್ಕೆ ಸಂಬಂಧಿಸಿದ ಲಾಭ. ಅದು ಕಣ್ಣಿಗೆ ಕಾಣುವುದಿಲ್ಲ, ಒಂದೇ ಒಂದು ಸಡಿಲ ನಡೆಯಿಂದ ಎದುರಾಳಿಯ ಪಾಲಾಗುತ್ತದೆ. ಹಾಗೆಯೇ ಗುರಿಯಿಲ್ಲದೆ ಷಹ ಕೊಡುವುದೂ ಉಪಕ್ರಮವಲ್ಲ. ಷಹ ಕೊಟ್ಟ ಕಾಯಿ ಹಿಮ್ಮೆಟ್ಟಬೇಕಾಗಿ ಬಂದು, ರಾಜನು ಮೊದಲಿಗಿಂತ ಸುರಕ್ಷಿತವಾದ ಮನೆಯನ್ನು ಸೇರಿದರೆ, ಆ ಷಹದಿಂದ ಲಾಭವಾದದ್ದು ಎದುರಾಳಿಗೆ.

ಉಪಕ್ರಮವು ಅದೃಷ್ಟದಿಂದ ದೊರೆಯುವುದಿಲ್ಲ, ಅದಕ್ಕೆ ಕಾರಣಗಳಿವೆ. ಮೊದಲನೆಯದು, ಎದುರಾಳಿಗಿಂತ ಹೆಚ್ಚು ಕಾಯಿಗಳು ಕಾರ್ಯಕ್ಕೆ ಸಿದ್ಧವಾಗಿರುವುದು. ಎರಡನೆಯದು, ಆನೆ ಒಂಟೆಗಳು ಸಂಚರಿಸಲು ತೆರೆದ ದಾರಿಗಳಿರುವುದು. ಮೂರನೆಯದು, ಎದುರಾಳಿಯ ರಾಜನು ಕೋಟೆ ಕಟ್ಟಿಕೊಳ್ಳದೆ ಹಾಸಿನ ನಡುವೆ ಉಳಿದಿರುವುದು. ಈ ಮೂರೂ ಕೂಡಿದಾಗ ತಡಮಾಡಬಾರದು. ಕಣದಲ್ಲಿ ರಾಶಿ ಮಾಡುವ ರೈತನಿಗೆ ‘ಗಾಳಿ ಬಂದಾಗ ತೂರಿಕೋ’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ನಿಂತ ಮೇಲೆ ಮೊರ ಎತ್ತಿದರೆ ಕಾಳೂ ಹೊಟ್ಟೂ ಒಂದೇ ಕಡೆ ಬೀಳುತ್ತವೆ.

ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದು 1858ರಲ್ಲಿ ಪ್ಯಾರಿಸ್ ನಗರದ ಸಂಗೀತ ನಾಟಕ ಮಂದಿರದಲ್ಲಿ ನಡೆದ ಆಟ. ಅಮೆರಿಕದ ಪಾಲ್ ಮಾರ್ಫಿ ಬಿಳಿಯ ಕಾಯಿಗಳನ್ನು ಹಿಡಿದಿದ್ದನು. ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸುವಾರ್ ಎಂಬವರು ಪರಸ್ಪರ ಆಲೋಚಿಸಿ ಕರಿಯ ಕಾಯಿಗಳನ್ನು ನಡೆಸುತ್ತಿದ್ದರು. ಏಳನೆಯ ನಡೆಯಲ್ಲಿ ಮಾರ್ಫಿಯ ಮಂತ್ರಿ ಏಕಕಾಲಕ್ಕೆ ಎರಡು ಕಡೆ ಗುರಿಯಿಟ್ಟಿತು. ರಾಜನ ಪಕ್ಕದ ಕಾಲಾಳನ್ನು ಕಾಯಲು ಕರಿಯರು ತಮ್ಮ ಮಂತ್ರಿಯನ್ನು ರಾಜನ ಮುಂದೆಯೇ ತಂದು ನಿಲ್ಲಿಸಿದರು. ಅದರಿಂದ ಅವರದೇ ಒಂಟೆಗೆ ದಾರಿ ಮುಚ್ಚಿತು. ಒಂಟೆ ಕದಲದ ಕಾರಣ ಅದರಾಚೆಯ ಆನೆಯೂ ಸೆರೆಯಾಯಿತು. ಇನ್ನೊಂದು ಪಕ್ಕದ ಕಾಲಾಳು ಮಾತ್ರ ಕಾವಲಿಲ್ಲದೆ ಉಳಿಯಿತು.

ಸಾಮಾನ್ಯ ಆಟಗಾರನು ಆ ಕಾಲಾಳನ್ನು ಬಿಡುತ್ತಿರಲಿಲ್ಲ. ಮಾರ್ಫಿ ಅದನ್ನು ಮುಟ್ಟಲಿಲ್ಲ. ಹೊಡೆದಿದ್ದರೆ ಕರಿಯ ಮಂತ್ರಿ ಷಹ ಕೊಟ್ಟು, ಮಂತ್ರಿಗಳ ವಿನಿಮಯವನ್ನು ಅನಿವಾರ್ಯವಾಗಿಸುತ್ತಿತ್ತು. ಬಿಳಿಗೆ ಒಂದು ಕಾಲಾಳಿನ ಲಾಭ ದಕ್ಕುತ್ತಿತ್ತು, ಆದರೆ ದಾಳಿಯ ಕಾವು ಆರಿಹೋಗುತ್ತಿತ್ತು. ಎಂಟನೆಯ ನಡೆಯಲ್ಲಿ ಅವನು ಮತ್ತೊಂದು ಕುದುರೆಯನ್ನು ರಣಕ್ಕೆ ಇಳಿಸಿದನು, ಒಂಬತ್ತನೆಯದರಲ್ಲಿ ಒಂಟೆಯನ್ನು ತಂದನು. ಹತ್ತನೆಯದರಲ್ಲಿ ಒಂದು ಕುದುರೆಯನ್ನು ಎರಡು ಕಾಲಾಳುಗಳಿಗಾಗಿ ಒಪ್ಪಿಸಿ ರಾಜನತ್ತ ದಾರಿ ತೆರೆದನು. ಹನ್ನೆರಡನೆಯ ನಡೆಯಲ್ಲಿ ಕೋಟೆ ಕಟ್ಟಿದಾಗ, ತನ್ನ ರಾಜನ ರಕ್ಷಣೆಯೂ ನಡುದಾರಿಗೆ ಆನೆಯ ಪ್ರವೇಶವೂ ಒಟ್ಟಿಗೆ ನೆರವೇರಿದವು. ಆ ಆನೆಯನ್ನು ಒಂದು ಕುದುರೆಗಾಗಿ ಕೊಟ್ಟನು. ಮರುನಡೆಯಲ್ಲೇ ಎರಡನೆಯ ಆನೆ ಅದೇ ಸಾಲಿಗೆ ಬಂದು ನಿಂತಿತು. ಹದಿನಾರನೆಯ ನಡೆಯಲ್ಲಿ ಮಂತ್ರಿಯನ್ನೇ ಬಲಿಕೊಟ್ಟು ಹದಿನೇಳನೆಯದರಲ್ಲಿ ಆಟವನ್ನು ಮುಗಿಸಿದನು. ಆಗ ರಾಜ ಮತ್ತು ಕಾಲಾಳುಗಳ ಹೊರತು ಬಿಳಿಯ ಬಳಿ ಉಳಿದದ್ದು ಒಂದು ಆನೆ, ಒಂದು ಒಂಟೆ ಮಾತ್ರ. ಕರಿಯ ಬಳಿ ಮಂತ್ರಿ, ಆನೆ, ಒಂಟೆ, ಕುದುರೆ ಎಲ್ಲವೂ ಇದ್ದವು. ಆದರೆ ಆ ಆನೆ ಮತ್ತು ಆ ಒಂಟೆ ಆಟ ಮುಗಿಯುವವರೆಗೂ ಹುಟ್ಟಿದ ಮನೆಯಿಂದ ಕದಲಿರಲಿಲ್ಲ. ರಣಕ್ಕೆ ಬಾರದ ಸೇನೆ ಎಷ್ಟಿದ್ದರೇನು?

ಈ ಆಟದಿಂದ ಉಪಕ್ರಮವನ್ನು ಉಳಿಸಿಕೊಳ್ಳುವ ಸೂತ್ರಗಳು ಸ್ಪಷ್ಟವಾಗುತ್ತವೆ. ಸಣ್ಣ ಲಾಭಕ್ಕಾಗಿ ದಾಳಿಯ ಕಾಯಿಯನ್ನು ಅಡ್ಡದಾರಿಗೆ ಕಳುಹಿಸಬಾರದು. ದಾಳಿಯಲ್ಲಿರುವ ಕಾಯಿಗಳು ದಣಿಯುವ ಮೊದಲೇ ಹಿಂದಿನಿಂದ ಹೊಸ ಬಲ ಬರುತ್ತಿರಬೇಕು. ಸಾಧ್ಯವಾದಾಗಲೆಲ್ಲ ಒಂದು ನಡೆ ಎರಡು ಕೆಲಸಗಳನ್ನು ಮಾಡಬೇಕು. ಎದುರಾಳಿಗೆ ಉಸಿರಾಡಲು ಬಿಡುವ ವಿನಿಮಯಗಳನ್ನು ತಪ್ಪಿಸಬೇಕು.

ಬಲಿದಾನವಿಲ್ಲದೆಯೂ ಉಪಕ್ರಮವನ್ನು ಕಾಪಾಡಬಹುದು. ಭಾರತೀಯ ಪದ್ಧತಿಯಲ್ಲಿ ಚದುರಂಗ ಕಲಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929ರಲ್ಲಿ ಇಂಗ್ಲೆಂಡಿಗೆ ಹೋಗಿ, ಬ್ರಿಟಿಷ್ ಚಾಂಪಿಯನ್ ಪಟ್ಟವನ್ನು ಮೂರು ಬಾರಿ ಗೆದ್ದನು. 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಅವನು ಮಾಜಿ ವಿಶ್ವವಿಜೇತ ಕಾಪಬ್ಲಾಂಕನನ್ನು ಸೋಲಿಸಿದ್ದು ಮಿಂಚಿನ ದಾಳಿಯಿಂದಲ್ಲ. 60ಕ್ಕೂ ಹೆಚ್ಚು ನಡೆಗಳ ಉದ್ದಕ್ಕೂ ಹಿಡಿತವನ್ನು ತಾಳ್ಮೆಯಿಂದ ಬಿಗಿಗೊಳಿಸುವುದರಿಂದ.

ರಕ್ಷಣೆಗೆ ನಿಂತವನ ಗತಿಯೇನು? ಚನ್ನರಾಯಪಟ್ಟಣದ ಕೋಟೆ ಮರಾಠರ ದಾಳಿಗಳಿಗೆ ಪದೇಪದೇ ತುತ್ತಾಗುತ್ತಿದ್ದುದರಿಂದ ಹೈದರಾಲಿಯು ಅದಕ್ಕೆ ನೀರಿನ ಕಂದಕವನ್ನು ಕೂಡಿಸಿದನು. ಕಂದಕವು ಕೋಟೆಯನ್ನು ಕಾಯುತ್ತದೆ. ಆದರೆ ದಾಳಿ ಎಂದು, ಯಾವ ದಿಕ್ಕಿನಿಂದ ಎಂಬುದನ್ನು ನಿರ್ಧರಿಸುವವನು ಹೊರಗಿನವನೇ. ಚದುರಂಗದಲ್ಲಿಯೂ ಬರಿಯ ರಕ್ಷಣೆಯಿಂದ ಕಡಿವಾಣ ಕೈಗೆ ಬರುವುದಿಲ್ಲ. ಜಾಣ ರಕ್ಷಕನು ಮಂತ್ರಿಗಳ ವಿನಿಮಯವನ್ನು ಬಯಸುತ್ತಾನೆ. ಪಾರ್ಶ್ವದಲ್ಲಿ ದಾಳಿ ನಡೆದಾಗ ಹಾಸಿನ ನಡುವೆ ಪ್ರತಿದಾಳಿ ಹೂಡುತ್ತಾನೆ. ಹೆಚ್ಚಾಗಿ ಹೊಡೆದಿಟ್ಟುಕೊಂಡದ್ದನ್ನು ತಕ್ಕ ವೇಳೆಗೆ ಹಿಂದಕ್ಕೆ ಕೊಟ್ಟು ದಾಳಿಯನ್ನು ತಣಿಸುತ್ತಾನೆ. ಪ್ರಶ್ನೆಗೆ ಉತ್ತರ ಕೊಡುತ್ತಲೇ ಮರುಪ್ರಶ್ನೆ ಕೇಳಬಲ್ಲ ಒಂದು ನಡೆ ದೊರೆತರೆ, ಆಟದ ದಿಕ್ಕೇ ಬದಲಾಗುತ್ತದೆ.

ಉಪಕ್ರಮವು ಶಾಶ್ವತವಲ್ಲವೆಂದು ತಿಳಿದವನೇ ಅದನ್ನು ಚೆನ್ನಾಗಿ ಬಳಸಬಲ್ಲನು. ಬೆದರಿಕೆಗಳು ಮುಗಿಯುವ ಮೊದಲೇ ಅದನ್ನು ಉಳಿಯುವ ಲಾಭವನ್ನಾಗಿ ಮಾರ್ಪಡಿಸಬೇಕು. ಆ ಲಾಭ ರಾಜನ ಸೆರೆಯೇ ಆಗಬೇಕೆಂದಿಲ್ಲ. ಒಂದು ಕಾಲಾಳು, ಎದುರಾಳಿಯ ಪಾಳೆಯದೊಳಗೆ ಕುದುರೆಗೆ ಭದ್ರವಾದ ಒಂದು ಮನೆ, ಅನುಕೂಲವಾದ ಅಂತ್ಯಘಟ್ಟ, ಯಾವುದಾದರೂ ಆಗಬಹುದು. ಬೇಗ ಮುಗಿಸುವ ಆತುರದಿಂದ ಅರೆಸಿದ್ಧವಾದ ದಾಳಿಗೆ ಎಲ್ಲವನ್ನೂ ಒಡ್ಡುವವನೂ, ಗಾಳಿ ಬೀಸುತ್ತಿರುವಾಗ ಕೈಕಟ್ಟಿ ಕುಳಿತವನೂ ಕೊನೆಗೆ ಒಂದೇ ಸ್ಥಿತಿಗೆ ಬರುತ್ತಾರೆ. ಅರಕಲಗೂಡು ಮೈಸೂರಿನ ಕೈಗೆ ಎರಡು ಬಾರಿ ಬಂದಿತು. ಇತಿಹಾಸ ಕರುಣಿಸಿದ ಆ ಎರಡನೆಯ ಅವಕಾಶವನ್ನು ಚದುರಂಗದ ಹಾಸು ಎಲ್ಲರಿಗೂ ಕರುಣಿಸುವುದಿಲ್ಲ.