ಮಸಾರಿ ಭೂಮಿಯ ದಾಹ

ಸಿಂಧನೂರಿನ ಕಡೆ, ತುಂಗಭದ್ರೆಯ ಕಾಲುವೆ ಮುಟ್ಟದ ಎರೆಹೊಲಗಳಲ್ಲಿಯೂ ಹಿಂಗಾರಿಯ ಬಿಳಿಜೋಳವು ಬಹುಮಟ್ಟಿಗೆ ನೆಲದಲ್ಲಿ ನಿಂತ ತೇವದಿಂದಲೇ ಬೆಳೆಯುವುದುಂಟು. ಮಸ್ಕಿ, ಲಿಂಗಸೂಗೂರುಗಳ ಕಲ್ಲುಗುಡ್ಡಗಳ ಬುಡದ ಮರಳು ಮಸಾರಿಯ ಗತಿ ಬೇರೆ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆಯ ಸೀಮೆಯಿದು. ಎರಡು ವಾರ ಮಳೆ ತಪ್ಪಿದರೆ ಅಲ್ಲಿಯ ಪೈರು ಬಾಡತೊಡಗುತ್ತದೆ.

ಮರಳಿನ ಕಣಗಳು ದಪ್ಪ, ಅವುಗಳ ನಡುವಣ ಸಂದುಗಳು ದೊಡ್ಡವು. ನೀರು ತಂಗದೆ ಬೇರಿನ ಕೆಳಕ್ಕೆ ಜಾರಿಹೋಗುತ್ತದೆ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವಾದರೋ ತಾನೇ ನೀರನ್ನು ಹೀರಿ ಹಿಡಿಯುವುದಲ್ಲದೆ, ಕಣಗಳನ್ನು ಅಂಟಿಸಿ ನೀರು ನಿಲ್ಲುವ ಸಣ್ಣ ಸಂದುಗಳನ್ನೂ ಉಂಟುಮಾಡುತ್ತದೆ. (ಅರೆಗಳಿತ ಗೊಬ್ಬರ ಹರಡಿದರೆ ಗೆದ್ದಲಿಗೆ ಔತಣವಾದೀತು!) ಬಿಸಿಲುನಾಡಿನಲ್ಲಿ ಈ ಸಾರವು ಬೇಗ ಕ್ಷಯಿಸುವುದರಿಂದ ಒಮ್ಮೆ ಹಾಕಿ ಸುಮ್ಮನಿರುವಂತಿಲ್ಲ.

ಆದರೆ ಅಷ್ಟು ಗೊಬ್ಬರವೆಲ್ಲಿ? ಕುಳ್ಳಾಗಿ ಒಲೆ ಸೇರಿದ ಸಗಣಿ ಬೂದಿಯಾಗುತ್ತದೆ. ಬೂದಿಯು ಪೈರಿಗೆ ಕೊಂಚ ಪೊಟ್ಯಾಷ್ ಕೊಟ್ಟೀತೇ ಹೊರತು ಗೊಬ್ಬರದಂತೆ ನೀರನ್ನು ಹಿಡಿಯಲಾರದು. ಸೌದೆಯಿಲ್ಲದ ಮನೆಯವರನ್ನು ನಗರವಾಸಿಗಳಾದ ನಾವು ದೂರುವುದು ನ್ಯಾಯವಲ್ಲ; ಅಡಿಗೆಗೆ ಬೇರೆ ಉರುವಲು ದೊರೆತಷ್ಟೂ ಸಗಣಿ ಹೊಲಕ್ಕೆ ಉಳಿದೀತು. ಹೊಲದಲ್ಲಿ ಕುರಿ ನಿಲ್ಲಿಸುವುದು, ಸೆಣಬನ್ನು ಬೆಳೆದು ಹೂವಾಡುವ ಹೊತ್ತಿಗೆ ಮಣ್ಣಿಗೆ ಉಳುವುದು, ಬತ್ತಿದ ಕೆರೆಯ ಗೋಡನ್ನು ಬೇಸಿಗೆಯಲ್ಲಿ ಹೇರಿಸುವುದು, ಇವೂ ಅದೇ ಕೆಲಸವನ್ನು ಮಾಡುತ್ತವೆ. ಗೋಡಿನಲ್ಲಿ ಜೇಡಿಯೂ ಕೂಡಿರುವುದರಿಂದ ಅದರ ಗುಣವು ಗೊಬ್ಬರದ ಗುಣಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ.