ನಾಣ್ಯ ಚಿಮ್ಮುವ ಲೆಕ್ಕಕ್ಕೆ ಜಾಮೀನು
561 ಅವಿಭಾಜ್ಯ ಸಂಖ್ಯೆಯೇ? ಒಂದು ಕಡಿಮೆ ಮಾಡಿದರೆ 560, ಅಂದರೆ ಹದಿನಾರು 35. ಈಗ 2ರ 35ನೇ ಘಾತವನ್ನು 561ರಿಂದ ಭಾಗಿಸಿ; ಶೇಷ 263. ಶೇಷವನ್ನು ವರ್ಗ ಮಾಡಿ ಮತ್ತೆ ಭಾಗಿಸುತ್ತ ಹೋದರೆ 166, ಆಮೇಲೆ 67, ಆಮೇಲೆ 1. ಸಿಕ್ಕಿಬಿದ್ದದ್ದು ಇಲ್ಲೇ! ಅವಿಭಾಜ್ಯವಾಗಿದ್ದರೆ 1 ಬರುವ ಮುಂಚೆ 560 ಬರಬೇಕಿತ್ತು, 67 ಅಲ್ಲ. ನಿಜಕ್ಕೂ 561 ಎಂದರೆ 3, 11, 17ರ ಗುಣಲಬ್ಧ.

ಇದು ಮಿಲ್ಲರ್-ರಾಬಿನ್ ಪರೀಕ್ಷೆ. ಗುಪ್ತಲಿಪಿಯ ಕೀಲಿಗಳಿಗೆ ಬೇಕಾದ ದೈತ್ಯ ಅವಿಭಾಜ್ಯಗಳನ್ನು ಹುಡುಕಲು ಕಂಪ್ಯೂಟರುಗಳು ಇದನ್ನೇ ನೆಚ್ಚಿಕೊಂಡಿವೆ. ಆದರೆ 2ರ ಬದಲು 50 ಹಿಡಿದಿದ್ದರೆ ಮೊದಲ ಶೇಷವೇ 560 ಬಂದು 561 ನುಣುಚಿಕೊಳ್ಳುತ್ತಿತ್ತು. ಅದಕ್ಕೇ ಪ್ರತಿ ಸುತ್ತಿನಲ್ಲೂ ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ. ಒಂದು ಸುತ್ತಿನಲ್ಲಿ ಮೋಸಹೋಗುವ ಸಂಭವ ಅರ್ಧಕ್ಕಿಂತ ಹೆಚ್ಚಿಲ್ಲ. ಇಪ್ಪತ್ತು ಸುತ್ತಾದರೆ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ.

ಚೀಟಿಯ ಹಂಗಿಲ್ಲದ ದಾರಿಯೂ ಇದೆ. ಮಣೀಂದ್ರ ಅಗ್ರವಾಲ್ ಐಐಟಿ ಕಾನ್ಪುರದಲ್ಲಿ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಜೊತೆ 2002ರ ಆಗಸ್ಟ್‌ನಲ್ಲಿ ಅದನ್ನು ಕಂಡುಹಿಡಿದರು. ಅದ್ಭುತ ಸಾಧನೆ. ಆದರೆ ಬಳಕೆಯಲ್ಲಿ ನಿಧಾನ. ಹಾಗಾಗಿ ಚೀಟಿ ಎತ್ತುವುದು ತಪ್ಪಲಿಲ್ಲ.

ಹಾಗಾದರೆ ಆ 'ಹತ್ತು ಲಕ್ಷಕ್ಕೆ ಒಂದು' ಎಂಬುದನ್ನು ನಂಬುವುದು ಹೇಗೆ? ಪ್ರೋಗ್ರಾಮನ್ನು ಸಾವಿರ ಸಲ ಓಡಿಸಿ ನೋಡಿದರೆ ಇಷ್ಟು ಅಪರೂಪದ ತಪ್ಪು ಕಣ್ಣಿಗೇ ಬೀಳದಿರಬಹುದು. ಕೇಂಬ್ರಿಜ್‌ನಲ್ಲಿ ಜೋ ಹರ್ಡ್ ಓಡಿಸಿ ನೋಡುವುದನ್ನು ಬಿಟ್ಟು, ತಮ್ಮ ಪಿಎಚ್‌ಡಿಗಾಗಿ ಎಚ್‌ಒಎಲ್ ಎಂಬ ಪ್ರಮೇಯ ಸಾಧಕದ ಮೊರೆಹೋದರು. ಈ ತಂತ್ರಾಂಶ ತರ್ಕದ ಒಂದೊಂದು ಹೆಜ್ಜೆಯನ್ನೂ ತಾನೇ ತಾಳೆನೋಡುತ್ತದೆ. 'ಇದು ಸುಲಭ' ಎಂದು ಹಾರಿಸಲು ಬಿಡುವುದಿಲ್ಲ. ಹರ್ಡ್ ಮೊದಲು ಚೀಟಿ ಎತ್ತುವುದಕ್ಕೆ ಆಧಾರವಾಗಿ ಕೊನೆಯಿಲ್ಲದ ನಾಣ್ಯಚಿಮ್ಮುಗೆಗಳ ಸಾಲನ್ನು ಕಲ್ಪಿಸಿ, ಸಂಭವನೀಯತೆಯ ಗಣಿತವನ್ನೇ ತಳಪಾಯದಿಂದ ಕಟ್ಟಬೇಕಾಯಿತು. ಆಮೇಲಷ್ಟೇ ಮಿಲ್ಲರ್-ರಾಬಿನ್ನಿನ ತಪ್ಪಿನ ಮಿತಿ ಪ್ರಮೇಯವಾಗಿ ಹೊರಬಂತು. ಕೆನಡಾದ ಕಾಂಕಾರ್ಡಿಯಾ ವಿಶ್ವವಿದ್ಯಾಲಯದಲ್ಲಿ ಒಸ್ಮಾನ್ ಹಸನ್, ಸೋಫಿಯೆನ್ ತಾಹರ್ ಇದೇ ದಾರಿಯನ್ನು ಸಂವಹನ ಜಾಲಗಳ ವಿಳಂಬದ ಲೆಕ್ಕದವರೆಗೂ ಒಯ್ದರು.

ಈ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದು ಅದರ ಪ್ರಾಮಾಣಿಕತೆ. ನಾಣ್ಯ ಎರಡೂ ಮುಖಕ್ಕೆ ಸಮನಾಗಿ ಬೀಳಬೇಕು ಎಂಬ ಷರತ್ತು ಪ್ರಮೇಯದ ಒಳಗೇ ಇದೆ. ನಿಮ್ಮ ಫೋನಿನ ಚಿಪ್ ವಾಲಿದ ನಾಣ್ಯ ಚಿಮ್ಮುತ್ತಿದ್ದರೆ ಪ್ರಮೇಯ ಸುಳ್ಳಾಗುವುದಿಲ್ಲ, ಆ ಫೋನಿಗೆ ಅನ್ವಯಿಸುವುದಿಲ್ಲ ಅಷ್ಟೇ.